ಕಂತಿನ ಕೊನೆಗೆ ಓಡಿಹೋಗುವ ಆ ಹೆಸರು: ‘ಪಾಝಿಟಿವ್’ ಗಮನಿಸಿದವರು ಯಾರಾದರೂ ಇದ್ದೀರಾ?

ತುಂಗಾತೀರ:
ರಾತ್ರಿ ಪಾತ್ರೆ ತೊಳೆಯುವ ಪಾಳಿ ನಮ್ಮ ಮನೆಯಲ್ಲಿ ನನ್ನದು. ಅದಕ್ಕೆ ಅಳತೆ ಮಾಡಿ ಹೊಲಿಸಿದಂತೆ ಇರುವುದು ಬಿಬಿಸಿ ರೇಡಿಯೊ 4ರ ಹಾಸ್ಯ ನಾಟಕ. 28 ನಿಮಿಷ. ಸಾರಿನ ಪಾತ್ರೆಯಿಂದ ಶುರು ಮಾಡಿದರೆ ಕುಕ್ಕರಿನ ಗ್ಯಾಸ್ಕೆಟ್ ಒರೆಸುವ ಹೊತ್ತಿಗೆ ಮುಗಿಯುತ್ತದೆ. ‘ಕ್ಯಾಬಿನ್ ಪ್ರೆಷರ್’ ಸರಣಿಯ ಧ್ವನಿಮುದ್ರಿಕೆ ಕೊಂಡಿದ್ದೆ. 27 ಕಂತುಗಳನ್ನು ಈಗ ಮೂರನೇ ಸುತ್ತು ಕೇಳುತ್ತಿದ್ದೇನೆ.

ಮೂರನೇ ಸುತ್ತಿನಲ್ಲಿ ಕಿವಿ ಕಥೆಯಿಂದ ಬಿಡುವು ಪಡೆದು ಬೇರೆ ಕಡೆ ಹೋಗುತ್ತದೆ. ಕೊನೆಯಲ್ಲಿ ನಟರ ಹೆಸರು ಓದುತ್ತಾರೆ, ಬರೆದವರು ಜಾನ್ ಫಿನ್ನಮೋರ್ ಎನ್ನುತ್ತಾರೆ, ನಿರ್ಮಾಪಕ ಡೇವಿಡ್ ಟೈಲರ್ ಎನ್ನುತ್ತಾರೆ. ಆಮೇಲೆ ಎರಡು ಸೆಕೆಂಡಿನಲ್ಲಿ ಇನ್ನೊಂದು ಹೆಸರು ಓಡಿಹೋಗುತ್ತದೆ: ಪಾಝಿಟಿವ್. ಇಷ್ಟು ದಿನ ಇದೆಲ್ಲ ಬಿಬಿಸಿಯವರದೇ ಎಂದುಕೊಂಡಿದ್ದೆ. ಬೇರೆ ಕಾರ್ಯಕ್ರಮ ಹಾಕಿದೆ, ಕೊನೆಗೆ ಅದೇ ಹೆಸರು. ಹಾಸ್ಯಗಾರರಾದ ಜೆರೆಮಿ ಹಾರ್ಡಿ, ಮಿಲ್ಟನ್ ಜೋನ್ಸ್ ಅವರ ಕಾರ್ಯಕ್ರಮಗಳು, ಫಿನ್ನಮೋರರದೇ ‘ಡಬಲ್ ಆ್ಯಕ್ಟ್ಸ್’, ಎಲ್ಲದರ ಬಾಲದಲ್ಲೂ ಇದೇ.

ಹುಡುಕಿದಾಗ ಸಿಕ್ಕಿದ್ದು ಇಷ್ಟು. 1992ರಲ್ಲಿ ಜೆಫ್ ಪೋಸ್ನರ್ ಮತ್ತು ಡೇವಿಡ್ ಟೈಲರ್ ಎಂಬ ಇಬ್ಬರು ಕಟ್ಟಿದ ಕಂಪನಿ. ಪೋಸ್ನರ್ ಟಿವಿಯಿಂದ ಬಂದವರು, ‘ದಿ ಯಂಗ್ ಒನ್ಸ್’ ಎಂಬ ಹಾಸ್ಯ ಧಾರಾವಾಹಿ ನಿರ್ದೇಶಿಸಿದವರಲ್ಲಿ ಒಬ್ಬರು. ಟೈಲರ್ ಬಿಬಿಸಿ ರೇಡಿಯೊದಿಂದ ಬಂದವರು. ಪೋಸ್ನರ್ ಹೆಸರಿನ ಮೊದಲ ಅಕ್ಷರಗಳಿಗೆ ಎರಡು ಝಡ್ ಸೇರಿಸಿ ‘ಪಾಸಿಟಿವ್’ ಪದದ ಮೇಲೆ ಆಟ ಆಡಿದ್ದಾರೆ ಎಂದು ನನ್ನ ಊಹೆ.

ಇಷ್ಟು ಚಿಕ್ಕ ಅಂಗಡಿ ಇಷ್ಟು ವರ್ಷ ಹೇಗೆ ನಡೆಯುತ್ತದೆ? ರೇಡಿಯೊ ಹಾಸ್ಯದಲ್ಲಿ ದುಡ್ಡೆಲ್ಲಿದೆ? ತಿಳಿದವರು ಹೇಳಿ.

ಮಂಜಿನಹನಿ:
ಮೊದಲು ನನ್ನ ತಕರಾರು. ಬಿಬಿಸಿಯ ಬಳಿ ಸಭಾಂಗಣವಿದೆ, ತಂತ್ರಜ್ಞರಿದ್ದಾರೆ, ನಿರ್ಮಾಪಕರಿದ್ದಾರೆ. ಅವರೇ ಮಾಡಬಹುದಾದದ್ದನ್ನು ಹೊರಗಿನ ಇಬ್ಬರಿಗೆ ಕೊಡುವುದು ಏಕೆ? ನಮ್ಮಲ್ಲಿ ಇದಕ್ಕೆ ಗುತ್ತಿಗೆ ಎನ್ನುತ್ತಾರೆ. ಅದಕ್ಕೆ ಎಂಥ ಹೆಸರಿದೆ ಎಂದು ನಾನು ಹೇಳಬೇಕಾಗಿಲ್ಲ.

ಕಡತಕೀಟ:
ಮಂಜಿನಹನಿ, ಇದರ ಮೂಲ ರೇಡಿಯೊದಲ್ಲಿಲ್ಲ, ಟಿವಿಯಲ್ಲಿದೆ. 1982ರ ನವೆಂಬರ್ 2ರಂದು ಚಾನೆಲ್ 4 ಶುರುವಾಯಿತು. ಆ ವಾಹಿನಿ ಹೆಚ್ಚುಕಡಿಮೆ ಏನನ್ನೂ ತಾನೇ ತಯಾರಿಸುತ್ತಿರಲಿಲ್ಲ. ಪ್ರಕಾಶಕರು ಹಸ್ತಪ್ರತಿ ತರಿಸಿಕೊಳ್ಳುವಂತೆ ಹೊರಗಿನವರಿಂದ ಮಾಡಿಸಿ ಪ್ರಸಾರ ಮಾಡುತ್ತಿತ್ತು. ಅಲ್ಲಿಯವರೆಗೆ ಬಿಬಿಸಿ ಇಲ್ಲವೇ ಖಾಸಗಿ ವಾಹಿನಿಯಾದ ಐಟಿವಿಯ ಕಂಪನಿಗಳ ನೌಕರಿ ಬಿಟ್ಟರೆ ಬೇರೆ ದಾರಿ ಇರದಿದ್ದವರಿಗೆ ಬಾಡಿಗೆಯ ಒಂದು ಕೋಣೆ, ಒಂದು ದೂರವಾಣಿ, ಒಂದು ಕಲ್ಪನೆ ಇದ್ದರೆ ಕಂಪನಿ ಕಟ್ಟಬಹುದು ಎಂದಾಯಿತು. ಆಮೇಲೆ 1990ರ ಪ್ರಸಾರ ಕಾಯ್ದೆ ಬಂದು, ಬಿಬಿಸಿ ಮತ್ತು ಐಟಿವಿ ತಮ್ಮ ಟಿವಿ ಕಾರ್ಯಕ್ರಮಗಳಲ್ಲಿ ಶೇ. 25ರಷ್ಟನ್ನು ಸ್ವತಂತ್ರ ನಿರ್ಮಾಪಕರಿಂದ ಮಾಡಿಸಬೇಕು ಎಂದಿತು. ಪಾಝಿಟಿವ್ ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ. ಇದರಲ್ಲಿ ಆಶ್ಚರ್ಯವೇನಿಲ್ಲ.

‘ಸ್ವತಂತ್ರ’ ಎಂಬ ಮಾತಿಗೂ ಅಲ್ಲಿ ಅಳತೆಗೋಲಿದೆ. ಪ್ರಸಾರ ಸಂಸ್ಥೆಯೊಂದು ಶೇ. 25ಕ್ಕಿಂತ ಹೆಚ್ಚು ಪಾಲು ಹೊಂದಿರುವ ಕಂಪನಿ ಆ ಲೆಕ್ಕಕ್ಕೆ ಬರುವುದಿಲ್ಲ.

ರೇಡಿಯೊಗೆ ಈ ಕಾಯ್ದೆಯ ಪಾಲು ಅನ್ವಯಿಸಲಿಲ್ಲ. ಅಲ್ಲಿ ಬಿಬಿಸಿ ತಾನಾಗಿಯೇ ಶೇ. 10ರಷ್ಟು ಕೊಡುತ್ತೇನೆ ಎಂದು ಒಪ್ಪಿಕೊಂಡಿತ್ತು. ದೊಡ್ಡ ಬದಲಾವಣೆ ಬಂದದ್ದು 2017ರ ಸನದಿನೊಂದಿಗೆ (ಬಿಬಿಸಿ ಹೇಗೆ ನಡೆಯಬೇಕೆಂದು ಗೊತ್ತುಮಾಡುವ ರಾಜಶಾಸನ): ಅರ್ಹ ರೇಡಿಯೊ ಗಂಟೆಗಳಲ್ಲಿ ಶೇ. 60ರಷ್ಟನ್ನು ಸ್ಪರ್ಧೆಗೆ ತೆರೆಯುವ ಗುರಿ. ಅಂದರೆ ಪಾಝಿಟಿವ್‌ನಂಥವರು ಕಾಲು ಶತಮಾನ ಕಿರಿದಾದ ಬಾಗಿಲಿನಲ್ಲೇ ನುಗ್ಗಿದವರು.

ಮಂಜಿನಹನಿ:
ಸರಿ, ಕಾಯ್ದೆ ಅರ್ಥವಾಯಿತು. ಲಾಭ ಅರ್ಥವಾಗಲಿಲ್ಲ.

ಕಡತಕೀಟ:
ಲಾಭ ಇರುವುದು ಹಕ್ಕಿನಲ್ಲಿ. ಟಿವಿಯಲ್ಲಿ 2003ರ ಸಂಪರ್ಕ ಕಾಯ್ದೆಯ ನಂತರ ಒಪ್ಪಂದದ ನಿಯಮಗಳು ಬದಲಾದವು. ಪ್ರಸಾರ ಸಂಸ್ಥೆ ಪ್ರಸಾರದ ಹಕ್ಕನ್ನು ಮಾತ್ರ ಕೊಳ್ಳುತ್ತದೆ. ವಿದೇಶಿ ಮಾರಾಟ, ಮಾದರಿಯ ಮಾರಾಟ ನಿರ್ಮಾಪಕರ ಕೈಯಲ್ಲಿ ಉಳಿಯುತ್ತದೆ. ಹ್ಯಾಟ್ ಟ್ರಿಕ್ ಕಂಪನಿಯನ್ನು ನೋಡಿ. 1986ರಲ್ಲಿ ಜಿಮ್ಮಿ ಮಲ್ವಿಲ್, ಡೆನಿಸ್ ಓ’ಡೊನಹ್ಯೂ, ರೋರಿ ಮೆಕ್‌ಗ್ರಾಥ್ ಕಟ್ಟಿದ್ದು. ‘ಹೂಸ್ ಲೈನ್ ಈಸ್ ಇಟ್ ಎನಿವೇ’ ಎಂಬ ಆಶುಹಾಸ್ಯದ ಆಟ 1988ರ ಆರಂಭದಲ್ಲಿ ರೇಡಿಯೊ 4ರಲ್ಲಿ ಆರೇ ಕಂತು ಬಂದಿತ್ತು. ಅದೇ ವರ್ಷ ಹ್ಯಾಟ್ ಟ್ರಿಕ್ ಅದನ್ನು ಚಾನೆಲ್ 4ಕ್ಕೆ ಒಯ್ದಿತು. ಹತ್ತು ವರ್ಷದ ನಂತರ ಅಮೆರಿಕದ ಎಬಿಸಿ ಅದರದೇ ಆವೃತ್ತಿ ಮಾಡಿತು. ಆಟದ ನಿಯಮವನ್ನು ಮಾರಬಹುದು, ನೋಡಿ. ನಾಲ್ಕು ಜನ, ನಾಲ್ಕು ಕುರ್ಚಿ, ಒಂದು ಬಜರ್. ಯಾವ ಊರಿನಲ್ಲಾದರೂ ಇಡಬಹುದು.

ಪಾಝಿಟಿವ್ ಮಾಡಿದ್ದರಲ್ಲಿ ಹೀಗೆ ಮಾರುವಂಥದ್ದು ಕಡಿಮೆ. ಮಿಲ್ಟನ್ ಜೋನ್ಸರ ತಲೆಯನ್ನು ಅಮೆರಿಕಕ್ಕೆ ಮಾರುವುದು ಹೇಗೆ?

ಸಾಲುಮರ:
‘ಗುಡ್‌ನೆಸ್ ಗ್ರೇಶಿಯಸ್ ಮಿ’ ಕೂಡ ಹ್ಯಾಟ್ ಟ್ರಿಕ್‌ನವರದೇ ಅಲ್ಲವೇ? ಆ ಭಾರತೀಯ ಮನೆಯವರ ಹಾಸ್ಯ?

ಕಡತಕೀಟ:
ಎರಡನ್ನು ಕಲಸುತ್ತಿದ್ದೀರಿ. ‘ಗುಡ್‌ನೆಸ್ ಗ್ರೇಶಿಯಸ್ ಮಿ’ ಬಿಬಿಸಿಯದು, 1996ರಲ್ಲಿ ರೇಡಿಯೊ 4ರಲ್ಲಿ ಶುರುವಾಗಿ 1998ರಲ್ಲಿ ಟಿವಿಗೆ ಬಂತು. ಸಂಜೀವ್ ಭಾಸ್ಕರ್ ಮತ್ತು ಮೀರಾ ಸ್ಯಾಲ್ ಇಬ್ಬರೂ ಇದ್ದ ಇನ್ನೊಂದು, ಮನೆಯ ಹಿತ್ತಲಲ್ಲೇ ಸ್ಟುಡಿಯೊ ಕಟ್ಟಿಕೊಂಡು ಗಣ್ಯರನ್ನು ಸಂದರ್ಶಿಸುವ ಕುಟುಂಬದ ‘ದಿ ಕುಮಾರ್ಸ್ ಅಟ್ ನಂ. 42’, 2001ರದು. ಅದು ಹ್ಯಾಟ್ ಟ್ರಿಕ್.

ಸಾಲುಮರ:
ಅಜ್ಜಿ ಇರುವುದು ಎರಡನೆಯದರಲ್ಲಿ. ಈಗ ಸರಿಹೋಯಿತು. ಆ ಅಜ್ಜಿಗಾಗಿಯೇ ನಾನು ನೋಡುತ್ತಿದ್ದದ್ದು.

ಅಡುಗೆಮನೆ_ಕಿಟಕಿ:
ಎಲ್ಲರೂ ರೇಡಿಯೊ ರೇಡಿಯೊ ಎನ್ನುತ್ತಿದ್ದೀರಿ. ಪಾಝಿಟಿವ್ ಹೆಸರು ನನಗೆ ಗೊತ್ತಿರುವುದು ‘ಡಿನ್ನರ್‌ಲೇಡೀಸ್’ನಿಂದ. ವಿಕ್ಟೋರಿಯಾ ವುಡ್ ಬರೆದು ನಟಿಸಿದ್ದು, ಅವರ ಸ್ವಂತ ಕಂಪನಿಯ ಜೊತೆ ಪಾಝಿಟಿವ್ ಸೇರಿ ಮಾಡಿದ್ದು, ಪೋಸ್ನರ್ ನಿರ್ದೇಶನ. 1998ರಿಂದ 2000ದವರೆಗೆ ಬಿಬಿಸಿ ಒನ್‌ನಲ್ಲಿ ಬಂದ ಹದಿನಾರೇ ಕಂತು.

ಮ್ಯಾಂಚೆಸ್ಟರಿನ ಒಂದು ಕಾರ್ಖಾನೆಯ ಕ್ಯಾಂಟೀನು. ಕ್ಯಾಮೆರಾ ಅಲ್ಲಿಂದ ಹೊರಗೆ ಕಾಲಿಡುವುದು ಇಲ್ಲವೆಂದರೂ ಆಗುತ್ತದೆ. ಟೋಸ್ಟ್ ಮಾಡುವುದು, ಬ್ರೆಡ್ ಬರದೇ ಇರುವುದು, ಯಾರದೋ ಮದುವೆ ಮುರಿಯುವುದು, ಮತ್ತೆ ಟೋಸ್ಟ್ ಮಾಡುವುದು. ಒಬ್ಬಳು ತನ್ನ ಗರ್ಭಕೋಶದ ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳುತ್ತಿರುವಾಗ ಇನ್ನೊಬ್ಬಳು ಸಾಸ್ ಬಾಟಲಿ ಎಲ್ಲಿ ಎಂದು ಕೇಳುವಂಥ ಮಾತಿನ ಧಾಟಿ. ನಾನು ಕಾಲೇಜೊಂದರ ಹಾಸ್ಟೆಲ್ ಅಡುಗೆಮನೆಯ ಲೆಕ್ಕ ನೋಡಿಕೊಳ್ಳುವವಳು. ಬೆಳಿಗ್ಗೆ ನಾಲ್ಕು ಜನ ಹೆಂಗಸರು ಈರುಳ್ಳಿ ಹೆಚ್ಚಲು ಕೂತರೆ ಮಾತು ಹೀಗೆಯೇ ಹರಿಯುತ್ತದೆ. ಒಬ್ಬರ ಕಣ್ಣೀರು ಈರುಳ್ಳಿಯದೋ ಮನೆಯದೋ ಎಂದು ಯಾರೂ ಕೇಳುವುದಿಲ್ಲ, ಚಾಕು ಮಾತ್ರ ನಿಲ್ಲುವುದಿಲ್ಲ.

ಒಂದು ಸಂಗತಿ ಓದಿ ಬೆರಗಾಗಿದ್ದೆ. ಪ್ರತಿ ಕಂತನ್ನೂ ಪ್ರೇಕ್ಷಕರ ಮುಂದೆ ಎರಡು ಸಲ ಚಿತ್ರೀಕರಿಸುತ್ತಿದ್ದರು. ಶುಕ್ರವಾರ ಒಮ್ಮೆ, ಶನಿವಾರ ಇನ್ನೊಮ್ಮೆ. ಶುಕ್ರವಾರ ಜನ ನಗದ ಸಾಲನ್ನು ವುಡ್ ರಾತ್ರಿ ಕೂತು ತಿದ್ದುತ್ತಿದ್ದರು. ಪಾಪ, ನಟರು ಬೆಳಿಗ್ಗೆ ಎದ್ದು ಹೊಸ ಮಾತನ್ನು ಉರು ಹೊಡೆಯಬೇಕು. ಜೂಲಿ ವಾಲ್ಟರ್ಸ್, ಸೆಲಿಯಾ ಇಮ್ರಿ, ಆ್ಯನ್ ರೀಡ್ ಅಂಥವರಿದ್ದ ತಂಡ ಅದು. ಅನಿತಾ ಎಂಬ ಮುಗ್ಧೆಯ ಪಾತ್ರ ಮಾಡಿದ ಶೋಭನಾ ಗುಲಾಟಿ ಓಲ್ಡಮ್‌ನಲ್ಲಿ ಹುಟ್ಟಿ ಬೆಳೆದ ಭಾರತೀಯ ಮೂಲದವರು. ಆ ಪಾತ್ರದಲ್ಲಿ ಸೀರೆ, ಮಸಾಲೆ, ಮದುವೆಯ ಒತ್ತಾಯ ಇಂಥ ಸವಕಲು ಸರಕು ಹೇರಿಲ್ಲ. ಆಕೆ ಆ ಕ್ಯಾಂಟೀನಿನ ಒಬ್ಬ ಹುಡುಗಿ, ಅಷ್ಟೆ. 1998ರಲ್ಲಿ ಅದು ಸಣ್ಣ ಮಾತಲ್ಲ.

ಮಂಜಿನಹನಿ:
ವಿಕ್ಟೋರಿಯಾ ವುಡ್ ಒಬ್ಬರನ್ನು ಬಿಡಿ. ನನಗೆ ಈ ರೇಡಿಯೊ 4ರ ಹಾಸ್ಯದಲ್ಲಿ ಕಿರಿಕಿರಿಯಾಗುವುದು ಅದರ ಕೇಂಬ್ರಿಜ್ ವಾಸನೆ. ಫಿನ್ನಮೋರ್ ಕೇಂಬ್ರಿಜ್‌ನ ಫುಟ್‌ಲೈಟ್ಸ್ ಎಂಬ ವಿದ್ಯಾರ್ಥಿ ಹಾಸ್ಯ ತಂಡದವರು. ಅವರಿಗಿಂತ ಮುಂಚಿನವರು ಅಲ್ಲಿಯವರು, ನಂತರದವರು ಅಲ್ಲಿಯವರು. ಒಂದೇ ಹಾಸ್ಟೆಲಿನ ಹುಡುಗರು ಒಬ್ಬರ ಹಾಸ್ಯಕ್ಕೆ ಇನ್ನೊಬ್ಬರು ಚಪ್ಪಾಳೆ ತಟ್ಟಿಕೊಂಡಂತೆ. ‘ಸ್ವತಂತ್ರ’ ಕಂಪನಿ ಎಂದಾಗ ಯಾರಿಂದ ಸ್ವತಂತ್ರ ಎಂದು ಕೇಳಬೇಕಾಗುತ್ತದೆ.

ಹಳೇಟ್ರಾನ್ಸಿಸ್ಟರ್:
ಮಾತಿನಲ್ಲಿ ಸತ್ಯವಿದೆ, ಮಂಜಿನಹನಿ. ಆದರೆ ಅದೇ ಕಂಪನಿಯ ಪಟ್ಟಿಯಲ್ಲಿ ಜೆರೆಮಿ ಹಾರ್ಡಿ ಇದ್ದಾರೆ, ಮರೆಯಬೇಡಿ. ‘ಜೆರೆಮಿ ಹಾರ್ಡಿ ಸ್ಪೀಕ್ಸ್ ಟು ದಿ ನೇಷನ್’ 1993ರಲ್ಲಿ ಶುರುವಾಯಿತು. ಎಡಪಂಥೀಯ ಮನುಷ್ಯ, ಅದನ್ನು ಮುಚ್ಚಿಡದ ಮನುಷ್ಯ, ಓದಿದ್ದು ಸೌತಾಂಪ್ಟನ್‌ನಲ್ಲಿ. ರಾಷ್ಟ್ರವನ್ನು ಉದ್ದೇಶಿಸಿ ಭಾಷಣ ಎಂಬ ಗಂಭೀರ ಚೌಕಟ್ಟು ಇಟ್ಟುಕೊಂಡು ಅದರೊಳಗೆ ಕೂತು ಆ ರಾಷ್ಟ್ರದ ಗಾಂಭೀರ್ಯವನ್ನೇ ಬಿಚ್ಚುತ್ತಿದ್ದರು. ಸಿಟ್ಟನ್ನು ಇಷ್ಟು ಮೆಲ್ಲಗೆ, ತಾನೇ ಅಪರಾಧಿ ಎಂಬ ದನಿಯಲ್ಲಿ ಹೇಳುವವರನ್ನು ನಾನು ಬೇರೆ ಕೇಳಿಲ್ಲ. 2019ರ ಫೆಬ್ರವರಿ 1ರಂದು ತೀರಿಕೊಂಡರು. ಆ ವಾರ ಹಳೆಯ ಧ್ವನಿಮುದ್ರಣ ಹಾಕಿಕೊಂಡು ಕೂತಿದ್ದೆ. ನಗುತ್ತಿರುವ ಸಭಿಕರ ಸದ್ದು ಅಂದು ವಿಚಿತ್ರವಾಗಿ ಕೇಳಿಸಿತು.

ಮಿಲ್ಟನ್ ಜೋನ್ಸ್ ಇನ್ನೊಂದು ತುದಿ. ರಾಜಕೀಯ ಇಲ್ಲ, ಸಿಟ್ಟಿಲ್ಲ, ಒಂದೊಂದು ಸಾಲಿಗೂ ಒಂದೊಂದು ಶ್ಲೇಷೆ. ‘ವೆರಿ ವರ್ಲ್ಡ್’, ‘ಹೌಸ್’, ‘ಅನದರ್ ಕೇಸ್’, ‘ಥ್ಯಾಂಕ್ಸ್ ಎ ಲಾಟ್’ ಎಂದು ಅಂಗಡಿಯ ಬೋರ್ಡು ಮಾತ್ರ ಬದಲಾಯಿತು, ಒಳಗಿನ ಸರಕು ಒಂದೇ. ಅರ್ಧ ಗಂಟೆಯಲ್ಲಿ ನನಗೆ ಮೂರನೇ ಒಂದು ಭಾಗ ತಪ್ಪಿಹೋಗುತ್ತದೆ. ಇಂಗ್ಲಿಷ್ ಪದವೊಂದರ ಎರಡನೇ ಅರ್ಥ ನನಗೆ ಹೊಳೆಯುವಷ್ಟರಲ್ಲಿ ಅವರು ನಾಲ್ಕನೇ ಹಾಸ್ಯಕ್ಕೆ ಹೋಗಿರುತ್ತಾರೆ. ಶ್ಲೇಷೆಯನ್ನು ಮಾತೃಭಾಷೆಯಲ್ಲಿ ಮಾತ್ರ ಬಿಸಿಬಿಸಿಯಾಗಿ ತಿನ್ನಬಹುದು, ಉಳಿದದ್ದರಲ್ಲಿ ತಂಗಳು.

ರೆಡಿಂಗ್‌ರಾಯ:
ನಾನು ಹದಿನಾಲ್ಕು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ, ರೆಡಿಂಗ್‌ನಲ್ಲಿ. ಧ್ವನಿಮುದ್ರಣಕ್ಕೆ ಹೋದ ಅನುಭವ ಹೇಳುತ್ತೇನೆ.

ಈ ಕಾರ್ಯಕ್ರಮಗಳ ಟಿಕೆಟ್ ಉಚಿತ. ಅರ್ಜಿ ಹಾಕಬೇಕು, ಅದೃಷ್ಟವಿದ್ದರೆ ಬರುತ್ತದೆ. ಉಚಿತ ಎಂದಮೇಲೆ ಬರುತ್ತೇನೆಂದು ಬಾರದವರು ಬಹಳ ಇರುವುದರಿಂದ ಕುರ್ಚಿಗಳಿಗಿಂತ ಹೆಚ್ಚು ಟಿಕೆಟ್ ಹಂಚುತ್ತಾರೆ. ಮೊದಲ ಸಲ ಒಂದು ಕಾರ್ಯಕ್ರಮಕ್ಕೆ (ಯಾವುದು, ಯಾವ ಸಭಾಂಗಣ ಎಂದು ಹೇಳುವುದಿಲ್ಲ) ಹೆಂಡತಿ, ನಾನು ಕಚೇರಿಗೆ ಅರ್ಧ ದಿನ ರಜೆ ಹಾಕಿ ಹೋದೆವು. ಮಳೆಯಲ್ಲಿ ಒಂದೂವರೆ ಗಂಟೆ ಸಾಲಿನಲ್ಲಿ ನಿಂತೆವು. ನಮ್ಮ ಮುಂದೆ ಆರು ಜನ ಇದ್ದಾಗ ಬಾಗಿಲು ಹಾಕಿದರು. ಕೈಯಲ್ಲಿ ಟಿಕೆಟ್ ಇದೆಯಲ್ಲ ಎಂದರೆ, ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದೆಯಲ್ಲ ಎಂದರು. ಬರೆದಿತ್ತು. ಹೆಂಡತಿ ಒಂದು ವಾರ ನನ್ನೊಡನೆ ಸಣ್ಣ ಅಕ್ಷರದಲ್ಲೇ ಮಾತಾಡಿದಳು.

ಎರಡನೇ ಸಲ ಬೇರೊಂದಕ್ಕೆ ಒಳಗೆ ಹೋದೆವು. ವೇದಿಕೆಯ ಮೇಲೆ ನಾಲ್ಕೈದು ಮೈಕ್, ಅವುಗಳ ಹಿಂದೆ ಕುರ್ಚಿಗಳ ಸಾಲು. ನಟರು ಕುರ್ಚಿಯಿಂದ ಎದ್ದು ಬಂದು, ಕೈಯಲ್ಲಿ ಹಾಳೆ ಹಿಡಿದು ಮಾತಾಡಿ, ಹಿಂದಕ್ಕೆ ಹೋಗಿ ಕೂರುತ್ತಾರೆ. ಒಬ್ಬ ನಟಿ ಓದಿ ಮುಗಿದ ಹಾಳೆಯನ್ನು ಸದ್ದಾಗದಂತೆ ತೊಡೆಯ ಪಕ್ಕಕ್ಕೆ ಜಾರಿಸಿ ಹಿಡಿದುಕೊಳ್ಳುತ್ತಿದ್ದ ರೀತಿ ಈಗಲೂ ಕಣ್ಣಲ್ಲಿದೆ. ಬದಿಯಲ್ಲಿ ಒಬ್ಬರು ಸದ್ದು ಮಾಡುವವರು. ಮೇಜಿನ ಮೇಲೆ ಕಪ್ಪು ಬಸಿ, ಹಳೆಯ ದೂರವಾಣಿ, ಒಂದು ಬಾಲ್ದಿ. ಅವರ ಮುಖದಲ್ಲಿ ಮಾತ್ರ ನಗುವಿಲ್ಲ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದಾಗ ಅವರು ಚಮಚ ಯಾವ ಪದಕ್ಕೆ ತಾಗಿಸಬೇಕು ಎಂದು ಹಾಳೆಯ ಮೇಲೆ ಬೆರಳಿಟ್ಟು ಕಾಯುತ್ತಿದ್ದರು.

ಕೊನೆಯಲ್ಲಿ ನಿರ್ಮಾಪಕರ ದನಿ ಮೇಲಿನಿಂದ ಬರುತ್ತದೆ: ಏಳನೇ ಪುಟ ಇನ್ನೊಮ್ಮೆ, ಹದಿನೆಂಟನೇ ಪುಟದ ಕೆಳಗಿನ ಮೂರು ಸಾಲು ಇನ್ನೊಮ್ಮೆ. ಆಗ ನಾವು, ಒಮ್ಮೆ ಕೇಳಿದ ಹಾಸ್ಯಕ್ಕೆ, ಹೊಸದಾಗಿ ಕೇಳಿದವರಂತೆ ನಗಬೇಕು. ಇದು ಸುಲಭವಲ್ಲ. ಪಕ್ಕದ ಅಜ್ಜ ಎರಡನೇ ಸಲ ಇನ್ನೂ ಚೆನ್ನಾಗಿ ನಕ್ಕರು. ಅಭ್ಯಾಸವಿದ್ದವರಿರಬೇಕು.

ತುಂಗಾತೀರ:
ಆ ಅಜ್ಜನ ನಗು ಯಾವುದೋ ಕಂತಿನಲ್ಲಿ ನನಗೂ ಕೇಳಿಸಿರಬಹುದು! ರೆಡಿಂಗ್‌ರಾಯ, ‘ಕ್ಯಾಬಿನ್ ಪ್ರೆಷರ್’ನ ಕೊನೆಯ ಕಂತಿಗೆ ಪ್ರಯತ್ನಿಸಿದ್ದಿರಾ?

ರೆಡಿಂಗ್‌ರಾಯ:
2014ರ ಫೆಬ್ರವರಿಯಲ್ಲಿ, ಲಂಡನ್ನಿನ ಬಿಬಿಸಿ ಕೇಂದ್ರ ಕಚೇರಿ ಬ್ರಾಡ್‌ಕಾಸ್ಟಿಂಗ್ ಹೌಸಿನ ರೇಡಿಯೊ ಥಿಯೇಟರಿನಲ್ಲಿ ಅದರ ಧ್ವನಿಮುದ್ರಣ. ಅರ್ಜಿ ಹಾಕಿದ್ದೆ. ಸಾವಿರಾರು ಜನ ಹಾಕಿದ್ದರು, ನನಗೆ ಬರುತ್ತದೆಯೇ? ಅಷ್ಟು ಹೊತ್ತಿಗೆ ಅದರಲ್ಲಿ ಕ್ಯಾಪ್ಟನ್ ಪಾತ್ರ ಮಾಡುತ್ತಿದ್ದ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಜಗತ್ತಿಗೇ ಷರ್ಲಾಕ್ ಆಗಿದ್ದರು. 2008ರ ಜುಲೈಯಲ್ಲಿ ಮೊದಲ ಕಂತು ಬಂದಾಗ ಅವರು ರಂಗಭೂಮಿಯಲ್ಲಿ, ಟಿವಿಯಲ್ಲಿ ಕೆಲಸ ಮಾಡುತ್ತಿದ್ದ ಒಳ್ಳೆಯ ನಟ, ಅಷ್ಟೆ. ‘ಷರ್ಲಾಕ್’ ಪ್ರಸಾರವಾದದ್ದು 2010ರ ಜುಲೈಯಲ್ಲಿ. ಹಾಲಿವುಡ್ ಕರೆದ ಮೇಲೂ ಇಲ್ಲಿಗೆ ಬಂದು ಹಾಳೆ ಹಿಡಿದು ನಿಂತರು ಎಂಬುದು ನನಗೆ ಇಷ್ಟ.

ಸಾಲುಮರ:
ಕೇಳದವರಿಗೆ ಯಾರಾದರೂ ಕಥೆ ಹೇಳುತ್ತೀರಾ? ವಿಮಾನದ ಕಥೆ ಎಂಬುದಷ್ಟೇ ತಿಳಿಯಿತು.

ತುಂಗಾತೀರ:
ಸಂತೋಷದಿಂದ. ಕ್ಯಾರೊಲಿನ್ ಎಂಬ ಹೆಂಗಸಿಗೆ ವಿಚ್ಛೇದನದಲ್ಲಿ ಗಂಡನ ಜೆಟ್ ವಿಮಾನ ಸಿಕ್ಕಿದೆ. ಹಾಗಾಗಿ ಕಂಪನಿಯ ಹೆಸರು ಎಂಜೆಎನ್, ‘ಮೈ ಜೆಟ್ ನೌ’, ಈಗ ನನ್ನ ಜೆಟ್ಟು. ವಿಮಾನ ಒಂದೇ. ಒಂದೇ ವಿಮಾನ ಇರುವುದನ್ನು ಏರ್‌ಲೈನ್ ಎನ್ನುವಂತಿಲ್ಲ, ಏರ್‌ಡಾಟ್ ಎನ್ನಬೇಕು ಎಂದು ಅವರಲ್ಲೇ ಒಂದು ಗೇಲಿ. ಅದರ ನೋಂದಣಿ ಅಕ್ಷರಗಳು ಜಿ-ಇಆರ್‌ಟಿಐ, ಆದ್ದರಿಂದ ಮನೆಯ ಹಸುವಿಗೆ ಹೆಸರಿಟ್ಟಂತೆ ‘ಗರ್ಟಿ’. ಕ್ಯಾಪ್ಟನ್ ಮಾರ್ಟಿನ್, ಬಾಲ್ಯದಿಂದ ಪೈಲಟ್ ಆಗಬೇಕೆಂದು ಒದ್ದಾಡಿ ಹೇಗೋ ಪಾಸಾದವನು. ಟೋಪಿಯ ಮೇಲೆ ಬಹಳ ಪ್ರೀತಿ. ಅವನ ಕೈಕೆಳಗೆ ಡಗ್ಲಸ್, ಎಲ್ಲದರಲ್ಲೂ ಅವನಿಗಿಂತ ನಿಪುಣ, ದೊಡ್ಡ ಕಂಪನಿಯಿಂದ ಹೊರಬಿದ್ದವನು. ರೋಜರ್ ಅಲ್ಲಮ್ ಅವರ ತುಪ್ಪದಂಥ ದನಿ. ಕ್ಯಾರೊಲಿನ್ ಆಗಿ ಸ್ಟೆಫನಿ ಕೋಲ್. ಅವಳ ಮಗ ಆರ್ಥರ್, ವಿಮಾನದ ಪರಿಚಾರಕ, ಜಗತ್ತಿನ ಎಲ್ಲವೂ ಅವನಿಗೆ ಅದ್ಭುತ. ಆ ಪಾತ್ರ ಬರೆದ ಫಿನ್ನಮೋರರದೇ.

ಇದರ ತಿರುಳು ನನಗೆ ಕಾಣುವುದು ಇಲ್ಲಿ: ಮಾರ್ಟಿನ್‌ಗೆ ಸಂಬಳವೇ ಇಲ್ಲ. ಕ್ಯಾಪ್ಟನ್ ಎನಿಸಿಕೊಳ್ಳಲು ಬಿಟ್ಟಿ ಕೆಲಸಕ್ಕೆ ಒಪ್ಪಿದ್ದಾನೆ, ಹೊಟ್ಟೆಪಾಡಿಗೆ ವ್ಯಾನಿನಲ್ಲಿ ಜನರ ಮನೆ ಸಾಮಾನು ಸಾಗಿಸುತ್ತಾನೆ. ನಾಲ್ಕು ಪಟ್ಟಿಯ ಕೋಟು ತೊಟ್ಟವನು ಮಧ್ಯಾಹ್ನ ಯಾರದೋ ಬೀರು ಹೊರುತ್ತಿದ್ದಾನೆ ಎಂಬುದು ಗೊತ್ತಾದ ಮೇಲೆ ಅವನ ಟೋಪಿಯ ಹಾಸ್ಯ ಮೊದಲಿನಂತೆ ಕೇಳಿಸುವುದಿಲ್ಲ.

ಕಂತುಗಳ ಹೆಸರು ಊರಿನ ಹೆಸರು, ಅಕ್ಷರಮಾಲೆಯ ಕ್ರಮದಲ್ಲಿ. ಅಬುಧಾಬಿ, ಬಾಸ್ಟನ್, ಕ್ರಿಮೋನಾ ಎಂದು ಶುರುವಾಗಿ ಝೂರಿಕ್‌ಗೆ ಮುಗಿಯುತ್ತದೆ. ಕ್ಯೂ ಅಕ್ಷರಕ್ಕೆ ಕೆನಡಾದ ಹಿಮದಲ್ಲಿರುವ ಕಿಕಿಕ್ತಾರ್ಜುವಾಕ್. ಕನ್ನಡ ಲಿಪಿಯಲ್ಲಿ ಇದು ಸರಿಯೋ ಗೊತ್ತಿಲ್ಲ, ಆ ಪಾತ್ರಗಳಿಗೂ ಉಚ್ಚಾರ ಗೊತ್ತಿರಲಿಲ್ಲ, ಸಮಾಧಾನ.

ಇಡೀ ವಿಮಾನವನ್ನು ಕಟ್ಟಿರುವುದು ಎರಡು ಸದ್ದಿನಿಂದ. ಹಿನ್ನೆಲೆಯಲ್ಲಿ ಒಂದು ಗುಂಯ್ ಎನ್ನುವ ಎಂಜಿನ್, ಪ್ರಯಾಣಿಕರಿಗೆ ಪ್ರಕಟಣೆ ಹೇಳುವ ಮುನ್ನ ಒಂದು ‘ಬಿಂಗ್ ಬಾಂಗ್’. ಅದು ಕೇಳಿದೊಡನೆ ಕಾಕ್‌ಪಿಟ್‌ನಲ್ಲಿ ಜಗಳವಾಡುತ್ತಿದ್ದ ಇಬ್ಬರ ದನಿಗೂ ಇಸ್ತ್ರಿ ಬೀಳುತ್ತದೆ. ಟಿವಿಯಲ್ಲಿ ಇದನ್ನೇ ಮಾಡಿದ್ದರೆ ಒಂದು ವಿಮಾನದ ಸೆಟ್ಟು, ಹದಿನೈದು ಊರುಗಳ ಹಿನ್ನೆಲೆ, ಅದರ ಖರ್ಚು! ರೇಡಿಯೊದಲ್ಲಿ ಝೂರಿಕ್‌ಗೂ ಇಪ್ಸ್‌ವಿಚ್‌ಗೂ ಒಂದೇ ಬೆಲೆ. ಆದ್ದರಿಂದಲೇ ಇಬ್ಬರ ಕಂಪನಿ ಇಂಥದ್ದಕ್ಕೆ ಕೈ ಹಾಕಬಹುದು.

ಕೊನೆಯ ಝೂರಿಕ್ ಕಂತಿನಲ್ಲಿ ಏನಾಗುತ್ತದೆ ಎಂದರೆ

ನಿರ್ವಾಹಕ:
ತುಂಗಾತೀರ ಅವರ ಬರಹದ ಕೊನೆಯ ಭಾಗವನ್ನು ತೆಗೆಯಲಾಗಿದೆ. ಹತ್ತು ವರ್ಷ ಹಳೆಯದಾದರೂ ಕೊನೆಯ ಕಂತಿನ ಗುಟ್ಟು ಗುಟ್ಟೇ.

ತುಂಗಾತೀರ:
ಕ್ಷಮಿಸಿ. ಉತ್ಸಾಹದಲ್ಲಿ ಕೈ ಜಾರಿತು.

ಮಂಜಿನಹನಿ:
ನಿಮ್ಮ ಮೂಲ ವಾದಕ್ಕೆ ಬರೋಣ. ಚಿಕ್ಕ ಕಂಪನಿ ಬರಹಗಾರನ ಕೈಬರಹ ಉಳಿಸುತ್ತದೆ, ದೊಡ್ಡದು ಮಾರುವ ಮಾದರಿ ಹುಡುಕುತ್ತದೆ. ಹೀಗೆಂದು ನೀವು ಹೇಳಹೊರಟಿರುವಂತಿದೆ. ಆದರೆ ಅದೇ ಹ್ಯಾಟ್ ಟ್ರಿಕ್ 2018ರಿಂದ 2022ರವರೆಗೆ ‘ಡೆರಿ ಗರ್ಲ್ಸ್’ ಮಾಡಿತು. ಲೀಸಾ ಮೆಕ್‌ಗೀ ಒಬ್ಬರೇ ಬರೆದದ್ದು, ಅವರದೇ ಊರು, ಅವರದೇ ಹುಡುಗಿತನ. ಅದಕ್ಕಿಂತ ಕೈಬರಹ ಬೇಕೇ? 1995ರ ‘ಫಾದರ್ ಟೆಡ್’ ಕೂಡ ಅವರದೇ. ದೊಡ್ಡವರು ಎರಡನ್ನೂ ಮಾಡುತ್ತಾರೆ. ಒಂದರ ದುಡ್ಡಿನಲ್ಲಿ ಇನ್ನೊಂದು.

ತುಂಗಾತೀರ:
ಒಪ್ಪಿದೆ. ವಾದದ ಅರ್ಧ ಕುಸಿಯಿತು. ಉಳಿದ ಅರ್ಧ ಹೀಗೆ ಹೇಳುತ್ತೇನೆ: ಪಾಝಿಟಿವ್‌ನ ರೇಡಿಯೊ ಕೆಲಸದಲ್ಲಿ ನಿರ್ಮಾಪಕ, ನಿರ್ದೇಶಕ, ಕಂಪನಿಯ ಯಜಮಾನ ಒಬ್ಬರೇ, ಡೇವಿಡ್ ಟೈಲರ್. ಬರಹಗಾರನ ಎದುರು ಕೂತು ಈ ಪುಟ ಉದ್ದವಾಯಿತು ಎನ್ನುವವನೇ ನಾಳೆ ಸ್ಟುಡಿಯೊದಲ್ಲಿ ಏಳನೇ ಪುಟ ಇನ್ನೊಮ್ಮೆ ಎನ್ನುವವನು, ಅವನೇ 28 ನಿಮಿಷಕ್ಕೆ ಕತ್ತರಿಸುವವನು. ನಡುವೆ ಸಮಿತಿ ಇಲ್ಲ. ಹಾರ್ಡಿ, ಜೋನ್ಸ್, ಫಿನ್ನಮೋರ್ ಮೂವರೂ ವರ್ಷಗಟ್ಟಲೆ ಅದೇ ಮನುಷ್ಯನ ಬಳಿಗೆ ಹಿಂತಿರುಗಿದರು. ಮೂವರ ಹಾಸ್ಯದಲ್ಲಿ ಒಂದಕ್ಕೊಂದು ಹೋಲಿಕೆ ಇಲ್ಲ. ಒಳ್ಳೆಯ ದರ್ಜಿಯ ಗುರುತು ಅದು ಎಂದು ನನಗನ್ನಿಸುತ್ತದೆ, ಹೊಲಿಗೆ ಕಾಣಿಸದು.

ಹಳೇಟ್ರಾನ್ಸಿಸ್ಟರ್:
ಫಿನ್ನಮೋರರ ಕೈಚಳಕಕ್ಕೆ ನನ್ನ ಸಾಕ್ಷಿ ಅವರ ‘ಸೊವನೀರ್ ಪ್ರೋಗ್ರಾಮ್’ನ ಒಂಬತ್ತನೇ ಸರಣಿ, ಅದು ಪಾಝಿಟಿವ್‌ನದಲ್ಲ, ಬಿಬಿಸಿಯದೇ ಆದರೂ. 2011ರಲ್ಲಿ ಶುರುವಾದಾಗ ಅದು ಬಿಡಿ ಬಿಡಿ ಪ್ರಹಸನಗಳ ಕಾರ್ಯಕ್ರಮ, ಕೊನೆಗೆ ಫಿನ್ನಮೋರ್ ಒಬ್ಬ ಮುದುಕನಾಗಿ ಒಂದು ನಂಬಲಾಗದ ಕಥೆ ಹೇಳುವುದು. ಎಂಟು ಸರಣಿ ಹಾಗೆಯೇ. ಕೊರೊನಾ ಬಂತು, ಸಭಿಕರನ್ನು ಕೂರಿಸುವಂತಿಲ್ಲ. ಬೇರೆಯವರಾದರೆ ನಗು ಇಲ್ಲದೆಯೇ ಅದೇ ಪ್ರಹಸನ ಓದಿಸುತ್ತಿದ್ದರು. ಇವರು 2021ರಲ್ಲಿ ಇಡೀ ಸ್ವರೂಪವನ್ನೇ ಕಳಚಿದರು. ಅದೇ ಐವರು ನಟರು, ಒಂದೇ ಕುಟುಂಬದ ಹಲವು ತಲೆಮಾರು, ಪ್ರತಿ ಕಂತಿಗೆ ಒಬ್ಬರ ಬದುಕು, ಅದೂ ಹಿಂದುಮುಂದಾಗಿ, ಇಂದಿನಿಂದ ಹಿಂದಕ್ಕೆ. ಒಂದು ಮನೆಯ ಮಾತು, ಒಂದು ಹಾಡಿನ ತುಣುಕು ಯಾಕೆ ಹಾಗಿದೆ ಎಂಬುದು ಮೂರು ಕಂತು ದಾಟಿ, ನಲವತ್ತು ವರ್ಷ ಹಿಂದೆ ಹೋದಾಗ ತಿಳಿಯುತ್ತದೆ. ಆ ಮುದುಕ ಯಾರು ಎಂಬುದೂ. ಹತ್ತು ವರ್ಷದ ಹಾಸ್ಯದ ಪಾತ್ರಕ್ಕೆ ಅಷ್ಟು ತಡವಾಗಿ ಬಾಲ್ಯ ಕೊಟ್ಟರು!

ಫಿನ್ನಮೋರರ ತಲೆ ಒಗಟಿನ ತಲೆ. ‘ಕೇನ್ಸ್ ಜಾಬೋನ್’ ಎಂಬ 1934ರ ಪತ್ತೇದಾರಿ ಒಗಟಿದೆ, ನೂರು ಪುಟಗಳು ಅಡ್ಡಾದಿಡ್ಡಿಯಾಗಿ ಅಚ್ಚಾಗಿವೆ, ಸರಿಯಾದ ಕ್ರಮಕ್ಕೆ ಜೋಡಿಸಬೇಕು. 2020ರಲ್ಲಿ ಇವರು ಅದನ್ನು ಬಿಡಿಸಿದರು, ಅಲ್ಲಿಯವರೆಗೆ ಬಿಡಿಸಿದ್ದವರು ಕೈಬೆರಳೆಣಿಕೆಯ ಜನ. ಲಾಕ್‌ಡೌನಿನಲ್ಲಿ ನಾನು ಗೋಧಿಹಿಟ್ಟಿನ ಬ್ರೆಡ್ ಮಾಡಲು ಹೋಗಿ ಎರಡು ತಟ್ಟೆ ಹಾಳು ಮಾಡಿದೆ.

ಅಡುಗೆಮನೆ_ಕಿಟಕಿ:
ಪಾಝಿಟಿವ್ ಬರೀ ಉತ್ಕೃಷ್ಟವನ್ನೇ ಮಾಡಿತು ಎಂಬಂತೆ ಮಾತು ಸಾಗುತ್ತಿದೆ. 1995ರ ‘ಕೂಗನ್ಸ್ ರನ್’ ನೋಡಿದ್ದೀರಾ? ಸ್ಟೀವ್ ಕೂಗನ್ ಆರು ಕಂತಿನಲ್ಲಿ ಆರು ಬೇರೆ ಬೇರೆ ಕಥೆ. ಎರಡು ಚೆನ್ನಾಗಿವೆ, ಉಳಿದವಕ್ಕೆ ವಯಸ್ಸಾಗಿದೆ. 1997ರ ಟೋನಿ ಫೆರಿನೊ, ಆ ಪೋರ್ಚುಗೀಸ್ ಗಾಯಕನ ವೇಷ, ಆಗಲೇ ಮುದಿಯಾಗಿ ಹುಟ್ಟಿತ್ತು.

ಹಳೇಟ್ರಾನ್ಸಿಸ್ಟರ್:
‘99ಪಿ ಚಾಲೆಂಜ್’ ನೆನಪಿಸುತ್ತೇನೆ. ಸೂ ಪರ್ಕಿನ್ಸ್ ನಡೆಸುತ್ತಿದ್ದ ಪ್ರಶ್ನೋತ್ತರದಂಥ ಗದ್ದಲ, ಗೆದ್ದವರಿಗೆ ಬಹುಮಾನ 99 ಪೆನ್ನಿ. ಸೈಮನ್ ಪೆಗ್, ನಿಕ್ ಫ್ರಾಸ್ಟ್, ಅರ್ಮಾಂಡೊ ಇಯನುಚಿ ಎಲ್ಲ ಅಲ್ಲಿ ಕೂತು 99 ಪೆನ್ನಿಗೆ ಹೊಡೆದಾಡುತ್ತಿದ್ದರು. ತುಂಗಾತೀರ ಕೇಳಿದರಲ್ಲ, ರೇಡಿಯೊದಲ್ಲಿ ದುಡ್ಡೆಲ್ಲಿ ಎಂದು. ಅಲ್ಲಿದೆ.

ಸಾಲುಮರ:
ಈಗ ಭಾರತದಲ್ಲಿ ಕೇಳುವುದು ಹೇಗೆ? ಬಿಬಿಸಿಯ ರೇಡಿಯೊ ಕೇಳುವ ಆ್ಯಪ್ ‘ಬಿಬಿಸಿ ಸೌಂಡ್ಸ್’ ತೆರೆಯುವುದಿಲ್ಲ.

ಕಡತಕೀಟ:
2025ರ ಜುಲೈಯಿಂದ ಅದು ಬ್ರಿಟನ್ನಿನ ಹೊರಗಿನವರಿಗೆ ಇಲ್ಲ. ರೇಡಿಯೊ 4ರ ನೇರ ಪ್ರಸಾರ ಬಿಬಿಸಿಯ ಜಾಲತಾಣದಲ್ಲಿ ಸಿಗುತ್ತದೆ. ಅಲ್ಲಿನ ಸಂಜೆ ಆರೂವರೆಯ ಹಾಸ್ಯ ನಮಗೆ ಬೇಸಿಗೆಯಲ್ಲಿ ರಾತ್ರಿ 11ಕ್ಕೆ, ಚಳಿಗಾಲದಲ್ಲಿ ನಡುರಾತ್ರಿ 12ಕ್ಕೆ. ಹಳೆಯದು ಬೇಕಿದ್ದರೆ ‘ಕ್ಯಾಬಿನ್ ಪ್ರೆಷರ್’ ಸೇರಿದಂತೆ ಹಲವು ಕೇಳುಪುಸ್ತಕವಾಗಿ ಮಾರಾಟಕ್ಕಿವೆ.

ಮಂಜಿನಹನಿ:
ನಿಮ್ಮ ಕಾಟಕ್ಕೆ ನಿನ್ನೆ ‘ಅಬುಧಾಬಿ’ ಕೊಂಡು ಕೇಳಿದೆ. ಇಂಧನ ಉಳಿಸಲು ಸರಕಿನ ಕೋಣೆಯ ಹೀಟರ್ ಆರಿಸಿರುತ್ತಾರೆ, ಅಲ್ಲಿ ಪ್ರಯಾಣಿಕರ ಬೆಕ್ಕು ಇದೆ ಎಂಬುದು ಆಕಾಶದಲ್ಲಿ ನೆನಪಾಗುತ್ತದೆ. ಅಲ್ಲಿಂದ ಮುಂದೆ ಅಡುಗೆಮನೆಯಲ್ಲಿ ನಿಂತೇ ಕೇಳಿದೆ, ಹಾಲು ಉಕ್ಕಿತು. ಕೇಂಬ್ರಿಜ್ ವಾಸನೆಯ ಬಗ್ಗೆ ನನ್ನ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ. ಆರ್ಥರ್ ಸ್ವಲ್ಪ ಅತಿಯಾಯಿತು. ಆದರೆ ಎರಡನೇ ಕಂತು ಕೊಂಡಿದ್ದೇನೆ.

ತುಂಗಾತೀರ:
ಹಾಲಿನ ಲೆಕ್ಕ ನನ್ನ ಖಾತೆಗೆ ಬರೆಯಿರಿ. ಆರ್ಥರ್ ಬಗ್ಗೆ ತಾಳ್ಮೆ ಇರಲಿ. ಅವನು ಆಡುವ ಒಂದು ಆಟ ಮುಂದೆ ಬರುತ್ತದೆ. ದಾರಿಯಲ್ಲಿ ಹಳದಿ ಕಾರು ಕಂಡರೆ ‘ಹಳದಿ ಕಾರು’ ಎನ್ನಬೇಕು. ಅಷ್ಟೇ ಆಟ. ಅಂಕವಿಲ್ಲ, ಗೆಲುವಿಲ್ಲ, ಮುಗಿಯುವುದೂ ಇಲ್ಲ. ಒಮ್ಮೆ ಶುರುವಾದರೆ ಸಾಯುವವರೆಗೂ ಆಡುತ್ತಲೇ ಇರುತ್ತೀರಿ. ಮಕ್ಕಳಿಗೆ ಕಲಿಸಿ ತಪ್ಪು ಮಾಡಿದೆ. ಶಿವಮೊಗ್ಗದಿಂದ ಬೆಂಗಳೂರಿನವರೆಗೆ ಒಂದೇ ಜಗಳ: ಬಿಳಿ ಕಾರಿಗೆ ಹಳದಿ ನಂಬರ್ ಫಲಕ ಇದ್ದರೆ ಅದು ಹಳದಿ ಕಾರೋ ಅಲ್ಲವೋ. ನೆಲಮಂಗಲ ದಾಟುವಷ್ಟರಲ್ಲಿ ಮಗಳು ನ್ಯಾಯಾಧೀಶೆಯಾಗಿ ತೀರ್ಪು ಕೊಟ್ಟಳು, ಟ್ಯಾಕ್ಸಿ ಲೆಕ್ಕಕ್ಕಿಲ್ಲ. ಶಾಲೆಯ ವಾಹನದ ಬಗ್ಗೆ ಮೇಲ್ಮನವಿ ಬಾಕಿ ಇದೆ.

ರೆಡಿಂಗ್‌ರಾಯ:
ಶಾಲೆಯ ವಾಹನ ಕಾರೇ ಅಲ್ಲ. ಮೇಲ್ಮನವಿ ವಜಾ.

ಅಡುಗೆಮನೆ_ಕಿಟಕಿ:
ಆಟೊ ಮೇಲ್ಭಾಗ ಹಳದಿ ಇರುತ್ತದಲ್ಲ?

ನಿರ್ವಾಹಕ:
ವಿಷಯ ಬಿಟ್ಟು ಬಹಳ ದೂರ ಬಂದಿದ್ದೇವೆ. ಆಟೊ, ಶಾಲಾ ವಾಹನಗಳ ಚರ್ಚೆಗೆ ಬೇರೆ ಎಳೆ ತೆರೆಯಿರಿ.

ಮಂಜಿನಹನಿ:
ಮಲ್ಲೇಶ್ವರ, 15ನೇ ಅಡ್ಡರಸ್ತೆ, ಬೆಳಿಗ್ಗೆ 8.40. ಹಳದಿ ಕಾರು.